ದೊಡ್ಡ ದೇಶಗಳು ಅಣುಬಾಂಬ್ ಇಟ್ಕೊಂಡೂ ಯಾಕ ಹೊಡದಾಡಂಗಿಲ್ಲ? ಸಪ್ತಾಪುರದ ಹುಡುಗ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಕೆಎಎಸ್, ಐಎಎಸ್ಸಿಗೆ ಓದೋ ಹುಡುಗ ಹುಡುಗ್ಯಾರಿಗೆ ನಾನು ವಾರಕ್ಕೆರಡು ದಿನ ಅಂತರರಾಷ್ಟ್ರೀಯ ಸಂಬಂಧ ಹೇಳ್ತೀನಿ. ಕ್ಲಾಸ್ ಮುಗದ ಮ್ಯಾಲೆ ಚಹಾದಂಗಡಿ ಮುಂದ ನಿಂತು ಕೇಳೋ ಪ್ರಶ್ನೆಗಳು ಪ್ರತಿ ಬ್ಯಾಚಿನಾಗೂ ಹೆಚ್ಚು ಕಡಿಮಿ ಇವೇ ಇರ್ತಾವ, ಅದಕ್ಕ ಒಂದೇ ಕಡೆ ಬರದಿಟ್ಟೀನಿ. ಪರೀಕ್ಷಾಕ್ಕ ಬರತೈತಿ ಅಂತ ಅಷ್ಟ ಅಲ್ರಿ, ಇದು ಎಲ್ಲಾರಿಗೂ ತಿಳಿದಿರಬೇಕು ಅಂತ ನನಗ ಮನಸಿನಿಂದ ಅನಸ್ತೈತಿ.

ಡಿಟರೆನ್ಸ್ ಅಂದ್ರ ಏನ್ರಿ ಸರ್? ಪುಸ್ತಕದಾಗಿಂದ ಬ್ಯಾಡ, ಸರಳ ಹೇಳ್ರಿ.

ನೀ ಹೊಡದ್ರ ನಾನೂ ಹೊಡಿತೀನಿ, ನೀನೂ ಉಳಿಯಂಗಿಲ್ಲ ಅನ್ನೋದನ್ನ ಎದುರಿನಾಂವಗ ಮನವರಿಕಿ ಮಾಡಿ, ಅಂವ ಹೊಡಿಯದಂಗ ತಡಿಯೋದು. ಇಷ್ಟ.

ನಮ್ಮ ನವಲಗುಂದ ಕಡೆ ಊರಾಗ ಒಂದು ಕಣದಾಗ ಇಬ್ರ ಬಣವಿ ಅಕ್ಕಪಕ್ಕ ಇರ್ತಾವ ನೋಡ್ರಿ, ಜ್ವಾಳದ ಕಣಕಿ, ಬ್ಯಾಸಗಿ, ಗಾಳಿ ಬ್ಯಾರೆ. ಆ ಇಬ್ರಿಗೂ ಹೊಲದ ಬದುವಿನ ಸಲುವಾಗಿ ಇಪ್ಪತ್ತು ವರ್ಷದ ಜಗಳ ಇದ್ರೂ ಒಬ್ಬಾಂವ ಇನ್ನೊಬ್ಬಾಂವನ ಬಣವಿಗೆ ಕಡ್ಡಿ ಗೀರಂಗಿಲ್ಲ, ಯಾಕಂದ್ರ ರಾತ್ರಿ ಕಳಿಯೋದರೊಳಗ ತಂದೂ ಬೂದಿ ಆಗತೈತಿ ಅಂತ ಅಂವಗ ಗೊತ್ತೈತಿ. ಪ್ರೀತಿ ಹುಟ್ಟಿಲ್ಲ, ಜಗಳ ಮುಗದಿಲ್ಲ, ಕೇಸ್ ಕೋರ್ಟಿನಾಗ ನಡದ ಐತಿ, ಆದ್ರ ಬೆಂಕಿ ಹತ್ತಿಲ್ಲ. ಅಮೆರಿಕಾ ಮತ್ತ ಸೋವಿಯತ್ ಒಕ್ಕೂಟ ನಲವತ್ತು ವರ್ಷ ಹಿಂಗ ಬದುಕಿದ್ವು.

ಹಂಗಾರ ಇಬ್ರ ಕಡೆನೂ ಬಾಂಬ್ ಇದ್ರ ಸಾಕು, ಶಾಂತಿ ತಾನ ಬರತೈತಿ?

ಇಲ್ರಿ, ಭಾಳ ಮಂದಿ ತಪ್ಪು ತಿಳ್ಕೊಳ್ಳೋದು ಇಲ್ಲೇ. ಎದುರಿನಾಂವ ಮೊದಲ ಹೊಡದು ನನ್ನ ಬಾಂಬನ್ನ ಅವು ಇದ್ದಲ್ಲೇ ಸುಟ್ಟು ಬಿಟ್ರ? ಆಗ ನನ್ನ ಕೈಯಾಗ ಏನೂ ಉಳಿಯಂಗಿಲ್ಲ, ಅಂವಗ ಹೆದರಿಕಿನೂ ಇರಂಗಿಲ್ಲ. ಅದಕ್ಕ ಬಾಂಬ್ ಇರೋದು ಮುಖ್ಯ ಅಲ್ಲ, ಮೊದಲ ಏಟು ತಿಂದ ಮ್ಯಾಲೂ ತಿರುಗಿ ಹೊಡಿಯಾಕ ಏನರ ಉಳಿಬೇಕು, ಅದು ಮುಖ್ಯ. ಇದಕ್ಕ ಸೆಕೆಂಡ್ ಸ್ಟ್ರೈಕ್ ಅಂತಾರ. ಬಣವಿ ಕಥಿಯೊಳಗ ಹೇಳೋದಾದ್ರ ಕಡ್ಡಿಪೆಟ್ಟಿಗಿ ಮನ್ಯಾಗಿಲ್ಲ, ಬ್ಯಾರೆ ಊರಾಗಿರೋ ಮಗನ ಕಿಸೇದಾಗ ಐತಿ, ಅಂವ ಎಲ್ಲಿದಾನ ಅಂತ ಯಾರಿಗೂ ಗೊತ್ತಿಲ್ಲ.

ಅಮೆರಿಕಾ 1945ರ ಜುಲೈ 16ಕ್ಕ ಮೊದಲ ಪರೀಕ್ಷೆ ಮಾಡ್ತು, ಆಗಸ್ಟ್ 6ಕ್ಕ ಹಿರೋಶಿಮಾ, 9ಕ್ಕ ನಾಗಾಸಾಕಿ. ನಾಲ್ಕು ವರ್ಷ ಅವರ ಕಡೆ ಅಷ್ಟ ಬಾಂಬ್ ಇತ್ತು. 1949ರ ಆಗಸ್ಟ್ 29ಕ್ಕ ಸೋವಿಯತ್ತೂ ಪರೀಕ್ಷೆ ಮಾಡ್ತು. ಆವಾಗ ಎರಡೂ ಕಡೆ ಬಾಂಬ್ ಹೊತ್ತೊಯ್ಯೋದು ವಿಮಾನ, ವಿಮಾನ ನಿಲ್ಲೋದು ಏರ್‌ಬೇಸಿನಾಗ, ಬೇಸ್ ಎಲ್ಲಿ ಐತಿ ಅನ್ನೋದು ಒಬ್ರಿಗೊಬ್ರಿಗೆ ಗೊತ್ತು. ಅಂದ್ರ ಮೊದಲ ಹೊಡದಾಂವಗ ಲಾಭ. ಈ ಪರಿಸ್ಥಿತಿ ಇದೆಯಲ್ಲ, ಬಾಂಬ್ ಇಲ್ಲದ ಜಗತ್ತಿಗಿಂತನೂ ಅಪಾಯ, ಯಾಕಂದ್ರ ಯಾರ ಮನಸ್ಸಿನಾಗೂ ಯುದ್ಧ ಬ್ಯಾಡ ಅಂತಿದ್ರೂ "ಅಂವ ಹೊಡಿಯೋಕಿಂತ ಮೊದಲ ನಾ ಹೊಡೀಲಿ" ಅನ್ನೋ ಅಂಜಿಕಿನ ಯುದ್ಧ ಹಚ್ಚಬಹುದು.

1960ರ ಸುಮಾರಿಗೆ ಸಬ್‌ಮರೀನಿನಿಂದ ಮಿಸೈಲ್ ಬಿಡೋದು ಬಂದ ಮ್ಯಾಲೆ ಲೆಕ್ಕ ಬದಲಾತು. ಸಮುದ್ರದ ಆಳದಾಗ ತಿಂಗಳಗಟ್ಟಲೆ ಓಡಾಡೋ ಸಬ್‌ಮರೀನ್ ಹುಡಕೋದು ಆಗದ ಮಾತು. ಈಗ ಅಮೆರಿಕಾದ ಕಡೆ ಓಹಾಯೋ ದರ್ಜೆಯ 14 ಇಂಥಾ ಸಬ್‌ಮರೀನ್ ಅದಾವ, ಅದರಾಗ ಒಂದು ಉಳದ್ರೂ ಎದುರಿನ ದೇಶದ ದೊಡ್ಡ ಊರೆಲ್ಲಾ ಹೋಗ್ತಾವ. ನೆಲ, ಆಕಾಶ, ನೀರು ಮೂರೂ ಕಡೆ ಇಡೋದಕ್ಕ ಟ್ರಯಾಡ್ ಅಂತಾರ. ಪರೀಕ್ಷಾದಾಗ ಇದನ್ನ ಬರೆಯೋವಾಗ ಬರೇ ಮೂರು ಹೆಸರು ಬರದು ಬಿಡಬ್ಯಾಡ್ರಿ, ನೀರಿನಾಗ ಇಡೋದು ಯಾಕ ಉಳದೆರಡಕ್ಕಿಂತ ಮುಖ್ಯ ಅಂತ ಬರೀರಿ.

ಸರ್ ನೀವು ಯಾವಾಗ್ಲೂ "ನಿಮಿಷ, ನಿಮಿಷ" ಅಂತೀರಿ, ನಿಮಿಷದ ಲೆಕ್ಕ ಯಾಕ?

ಯಾಕಂದ್ರ ಈ ಇಡೀ ವಿಷಯ ಅರ್ಥ ಆಗೋ ಕೀಲಿ ಅದ ಐತಿ ಅಂತ ನನ್ನ ನಂಬಿಕಿ. ಹುಬ್ಬಳ್ಳಿ ಸಿಬಿಟಿಯಾಗ ಚಿಗರಿ ಬಸ್ ಹತ್ತಿ ಧಾರವಾಡ ಜುಬಿಲಿ ಸರ್ಕಲ್ಲಿನಾಗ ಇಳಿಯೋದರೊಳಗ ರಷ್ಯಾದಿಂದ ಬಿಟ್ಟ ಮಿಸೈಲ್ ಅಮೆರಿಕಾ ಮುಟ್ಟತೈತಿ, ಸುಮಾರು 30 ನಿಮಿಷ. ಅದರಾಗ ಸ್ಯಾಟಲೈಟ್ ನೋಡಬೇಕು, ರಾಡಾರ್ ಹೌದು ಅನ್ನಬೇಕು, ಅಧಿಕಾರಿಗಳು ಕೂಡಬೇಕು, ರಾಷ್ಟ್ರಾಧ್ಯಕ್ಷರನ್ನ ಎಬ್ಬಿಸಬೇಕು. ಅವರಿಗೆ ವಿಚಾರ ಮಾಡಾಕ ಉಳಿಯೋದು ಹತ್ತು ನಿಮಿಷವೂ ಇಲ್ಲ. ಬಸ್ ನವನಗರ ದಾಟೋದರೊಳಗ ಕೋಟಿಗಟ್ಟಲೆ ಮಂದಿ ಜೀವದ ನಿರ್ಧಾರ ಆಗಬೇಕು.

ಹಂಗಾಗಿ ಯಾವುದರ ಒಂದು ಅಸ್ತ್ರ, ಒಪ್ಪಂದ, ನೀತಿ ಬಗ್ಗೆ ಓದೋವಾಗ ನಾ ಮೊದಲ ಕೇಳೋದು ಒಂದ: ಇದು ನಾಯಕರಿಗೆ ನಿಮಿಷ ಕೊಡತೈತೋ, ಕಸಗೊಳ್ತೈತೋ? ಸಬ್‌ಮರೀನ್ ನಿಮಿಷ ಕೊಡತೈತಿ, "ಈಗಿಂದೀಗ ಹೊಡಿಬೇಕಾಗಿಲ್ಲ, ನಾಳೆ ಹೊಡದ್ರೂ ನಡಿತೈತಿ" ಅನ್ನೋ ಧೈರ್ಯ ಕೊಡತೈತಿ. ಗಡಿ ಬಾಜೂಕ ತಂದಿಟ್ಟ ಮಿಸೈಲ್ ಕಸಗೊಳ್ತೈತಿ. 1983ರ ಕೊನಿಗೆ ಅಮೆರಿಕಾ ಪಶ್ಚಿಮ ಜರ್ಮನಿಯಾಗ ಪರ್ಷಿಂಗ್-2 ಮಿಸೈಲ್ ತಂದಿಡಾಕ ಸುರು ಮಾಡಿದಾಗ ಮಾಸ್ಕೋದವರು ಅಷ್ಟು ಹೌಹಾರಿದ್ದು ಇದಕ್ಕ. 1987ರ ಡಿಸೆಂಬರಿನಾಗ ಅಮೆರಿಕಾದ ಅಧ್ಯಕ್ಷ ರೇಗನ್, ಸೋವಿಯತ್ ನಾಯಕ ಗೋರ್ಬಚೇವ್ ಇಬ್ರೂ ಐಎನ್‌ಎಫ್ ಒಪ್ಪಂದಕ್ಕ ಸಹಿ ಮಾಡಿ 500ರಿಂದ 5,500 ಕಿಲೋಮೀಟರ್ ಹೋಗೋ ನೆಲದ ಮಿಸೈಲ್ ಎಲ್ಲಾ ತಗದ್ರು, ಒಟ್ಟು 2,692 ಮಿಸೈಲ್ ಮುರದು ಹಾಕಿದ್ರು. 2019ರಾಗ ಆ ಒಪ್ಪಂದನೂ ಬಿದ್ದು ಹೋತು.

ಕ್ಯೂಬಾ ಬಿಕ್ಕಟ್ಟಿನಾಗ ನಿಜವಾಗ್ಲೂ ಯುದ್ಧ ಆಗೋದಿತ್ತಾ?

ಆಗೋದಿತ್ರಿ. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ.

1962ರ ಅಕ್ಟೋಬರ್ 16ಕ್ಕ ಅಮೆರಿಕಾದ ಅಧ್ಯಕ್ಷ ಕೆನಡಿಯವರಿಗೆ ಫೋಟೋ ತೋರಸ್ತಾರ, ಅಮೆರಿಕಾದ ಬಾಗಲದಾಗಿರೋ ಕ್ಯೂಬಾದಾಗ ಸೋವಿಯತ್ ಮಿಸೈಲ್ ನೆಡಾಕತ್ತೈತಿ ಅಂತ. ಕೆಲವು ಜನರಲ್‌ಗಳು ತಕ್ಷಣ ಬಾಂಬ್ ಹಾಕೋಣ ಅಂದ್ರು. ಕೆನಡಿ ಅದನ್ನ ಬಿಟ್ಟು ಸಮುದ್ರದಾಗ ದಿಗ್ಬಂಧನ ಹಾಕಿದ್ರು, ಅಂದ್ರ ಸೋವಿಯತ್ ನಾಯಕ ಕ್ರುಶ್ಚೇವ್‌ಗೂ ತಮಗೂ ವಿಚಾರ ಮಾಡಾಕ ದಿನ ಸಿಗೋ ದಾರಿ ಹಿಡದ್ರು. ಅದ ಉಳಿಸ್ತು ಅಂತ ನಾ ಹೇಳ್ತೀನಿ.

ಆದ್ರ ಅಕ್ಟೋಬರ್ 27ರ ಶನಿವಾರ ನೋಡ್ರಿ. ಅವತ್ತ ಕ್ಯೂಬಾ ಮ್ಯಾಲೆ ಅಮೆರಿಕಾದ ಯು-2 ಬೇಹು ವಿಮಾನ ಹೊಡದು ಬೀಳಿಸಿದ್ರು, ಪೈಲಟ್ ತೀರಕೊಂಡ. ಅವತ್ತ ಸಮುದ್ರದಾಗ ಬಿ-59 ಅನ್ನೋ ಸೋವಿಯತ್ ಸಬ್‌ಮರೀನ್ ಸುತ್ತ ಅಮೆರಿಕಾದ ಹಡಗು ನಿಂತು, ಮ್ಯಾಲೆ ಬಾ ಅಂತ ಸಣ್ಣ ಸಣ್ಣ ಸ್ಫೋಟಕ ಒಗಿಯಾಕ ಹತ್ತಿದ್ವು. ಒಳಗ ಬ್ಯಾಟರಿ ಇಳದೈತಿ, ಕುದಿಯೋ ಶಕಿ, ಗಾಳಿ ಇಲ್ಲ, ಮಾಸ್ಕೋ ಜೋಡಿ ಮಾತಿಲ್ಲ, ಮ್ಯಾಲೆ ಯುದ್ಧ ಸುರು ಆಗೇತೋ ಇಲ್ಲೋ ಅಂತ ಯಾರಿಗೂ ಗೊತ್ತಿಲ್ಲ. ಆ ಸಬ್‌ಮರೀನಿನಾಗ ಅಣು ಟಾರ್ಪೆಡೊ ಇತ್ತು, ಮ್ಯಾಲಿನ ಅಮೆರಿಕಾದವರಿಗೆ ಅದು ಗೊತ್ತಿರಲಿಲ್ಲ. ಕ್ಯಾಪ್ಟನ್ ಸಿಟ್ಟಿನಾಗ ಅದನ್ನ ತಯಾರು ಮಾಡ್ರಿ ಅಂದಾಗ ವಸಿಲಿ ಅರ್ಖಿಪೋವ್ ಅನ್ನೋ ಅಧಿಕಾರಿ ಬ್ಯಾಡ ಅಂತ ಒಪ್ಪಿಸಿ ಸಬ್‌ಮರೀನ್ ಮ್ಯಾಲೆ ತರಿಸಿದ. ಈ ಸಂಗತಿ ಜಗತ್ತಿಗೆ ತಿಳಿಯಾಕ ನಲವತ್ತು ವರ್ಷ ಹಿಡೀತು. ಇದನ್ನ ಹೇಳೋವಾಗ ಇವತ್ತಿಗೂ ನನ್ನ ದನಿ ಸಣ್ಣ ಆಗತೈತಿ.

28ಕ್ಕ ಕ್ರುಶ್ಚೇವ್ ಮಿಸೈಲ್ ವಾಪಸ್ ತಗೀತೀನಿ ಅಂತ ರೇಡಿಯೋದಾಗ ಹೇಳಿಸಿದ್ರು. ರೇಡಿಯೋದಾಗ ಯಾಕಂದ್ರ ಪತ್ರ ಕಳಸಿದ್ರ ಭಾಳ ಹೊತ್ತು ಆಗ್ತಿತ್ತು, ಎರಡು ದಿನ ಹಿಂದ ಕಳಸಿದ್ದ ಪತ್ರ ವಾಷಿಂಗ್ಟನ್ ಮುಟ್ಟಿ ಓದಾಕ ಬರೋದಕ್ಕ ಹತ್ತಿರ ಹತ್ತಿರ ಅರ್ಧ ದಿನ ಆಗಿತ್ತು. ಬದಲಿಗೆ ಕ್ಯೂಬಾ ಮ್ಯಾಲೆ ದಂಡೆತ್ತಿ ಹೋಗಂಗಿಲ್ಲ ಅಂತ ಕೆನಡಿ ಮಾತು ಕೊಟ್ರು, ಗುಟ್ಟಿನಾಗ ಟರ್ಕಿಯಾಗಿದ್ದ ತಮ್ಮ ಜುಪಿಟರ್ ಮಿಸೈಲ್ ತಗಿಯಾಕೂ ಒಪ್ಪಿದ್ರು. ಮುಂದಿನ ವರ್ಷ 1963ರಾಗ ಎರಡೂ ರಾಜಧಾನಿ ನಡುವ ಹಾಟ್‌ಲೈನ್ ಹಾಕಿದ್ರು. ಅದು ಫೋನ್ ಅಲ್ರಿ, ಟೆಲಿಪ್ರಿಂಟರ್. ಮಾತಿನಾಗ ಸಿಟ್ಟು ಬರತೈತಿ, ತಪ್ಪು ತಿಳಿತೈತಿ, ಬರದು ಕಳಸಿದ್ರ ಓದಿ, ಅನುವಾದ ಮಾಡಿ, ಯೋಚನಿ ಮಾಡಿ ಉತ್ತರ ಕೊಡಬಹುದು.

ಮಿಸೈಲ್ ತಡಿಯೋ ರಕ್ಷಣಾ ಕವಚ ಕಟ್ಟಿದ್ರ ಎಲ್ಲಾರಿಗೂ ಚಲೋ ಅಲ್ಲೇನ್ರಿ?

ಕೇಳಾಕ ಚಲೋ ಅನಸ್ತೈತಿ. ಆದ್ರ ನಿಮ್ಮ ಬಾಜೂದಾಂವ ತನ್ನ ಬಣವಿಗೆ ಅಷ್ಟ ಬೆಂಕಿ ಹತ್ತದ ತಗಡು ಹೊದಿಸಿದ ಅಂತ ತಿಳ್ಕೋರಿ. ಅವತ್ತು ರಾತ್ರಿ ನಿಮಗ ನಿದ್ದಿ ಬರತೈತೇನು? ಇಷ್ಟು ದಿನ ಅಂವನ್ನ ತಡದಿದ್ದ ಹೆದರಿಕಿ ಹೋತು, ಇನ್ನ ಅಂವ ಕಡ್ಡಿ ಗೀರಬಹುದು. ನೀವು ಏನ್ ಮಾಡ್ತೀರಿ, ಇನ್ನೂ ಹತ್ತು ಕಡ್ಡಿಪೆಟ್ಟಿಗಿ ತರ್ತೀರಿ.

ಅದಕ್ಕ 1972ರಾಗ ಅಮೆರಿಕಾದ ನಿಕ್ಸನ್, ಸೋವಿಯತ್ತಿನ ಬ್ರೆಜ್ನೇವ್ ಎಬಿಎಂ ಒಪ್ಪಂದ ಮಾಡ್ಕೊಂಡು ರಕ್ಷಣಾ ಕವಚಕ್ಕ ಮಿತಿ ಹಾಕಿದ್ರು. ತಮ್ಮ ಜನರನ್ನ ಬೇಕಂತ ಬಯಲಿನಾಗ ನಿಲ್ಲಿಸೋ ಒಪ್ಪಂದ ಅದು, ಕೇಳಿದ್ರ ವಿಚಿತ್ರ, ಆದ್ರ ಆ ಹೊತ್ತಿನಾಗ ಶಸ್ತ್ರ ಪೈಪೋಟಿಗೆ ಬ್ರೇಕ್ ಹಾಕಿದ್ದು ಅದ. 2002ರಾಗ ಅಮೆರಿಕಾ ಅದರಿಂದ ಹೊರಗ ಬಂತು. ರಷ್ಯಾ, ಚೀನಾ ಈಗ ಕವಚ ತಪ್ಪಿಸೋ ಹೈಪರ್‌ಸಾನಿಕ್ ಅಸ್ತ್ರದ ಬೆನ್ನ ಹತ್ತಿದ್ದಕ್ಕ ಇದೂ ಒಂದು ದೊಡ್ಡ ಕಾರಣ.

ಒಟ್ಟು ಎಷ್ಟ್ ಬಾಂಬ್ ಅದಾವ?

1986ರ ಸುಮಾರಿಗೆ ಜಗತ್ತಿನಾಗ 70,000 ದಾಟಿತ್ತು. ಈಗ 12,000ದ ಆಸುಪಾಸು. ಅದರಾಗ ಹತ್ರ ಹತ್ರ ಹತ್ತಕ್ಕ ಒಂಬತ್ತು ಪಾಲು ರಷ್ಯಾ, ಅಮೆರಿಕಾದ್ದು.

ಬಾಂಬ್ ಬಂದ ಮ್ಯಾಲೆ ಯುದ್ಧ ನಿಂತಾವ ಅಂತ ಬರೀಬಹುದಾ?

ಬ್ಯಾಡ್ರಿ, ಮಾರ್ಕ್ಸ್ ಹೋಗೋದು ಬಿಡ್ರಿ, ಅದು ಸತ್ತವರಿಗೆ ಮಾಡೋ ಅನ್ಯಾಯ ಆಗತೈತಿ. ಅಮೆರಿಕಾ ಸೋವಿಯತ್ ಎದುರಾಎದುರ ಯುದ್ಧ ಮಾಡ್ಲಿಲ್ಲ, ಖರೆ. ಆದ್ರ ಕೊರಿಯಾ, ವಿಯೆಟ್ನಾಂ, ಅಂಗೋಲಾ, ಅಫ್ಘಾನಿಸ್ತಾನದಾಗ ಹರದ ರಕ್ತ ಯಾರ ಲೆಕ್ಕಕ್ಕ ಹಾಕೋದು? ದೊಡ್ಡೋರು ತಮ್ಮ ಬಣವಿಗೆ ಬೆಂಕಿ ಹತ್ತಬಾರದು ಅಂತ ಬ್ಯಾರೆಯವರ ಹೊಲದಾಗ ಜಗಳ ತಗದ್ರು. ಮ್ಯಾಲಿನ ಹಂತದಾಗ ಸ್ಥಿರತೆ ಗಟ್ಟಿ ಆದಂಗೆಲ್ಲಾ ಕೆಳಗಿನ ಹಂತದಾಗ ಸಣ್ಣ ಯುದ್ಧ ಮಾಡಾಕ ಧೈರ್ಯ ಬರತೈತಿ, ಯಾಕಂದ್ರ "ಇಷ್ಟಕ್ಕ ಅಂವ ಅಣುಬಾಂಬ್ ಹಾಕಂಗಿಲ್ಲ" ಅಂತ ಗೊತ್ತಿರತೈತಿ. ಪುಸ್ತಕದಾಗ ಇದಕ್ಕ ಸ್ಥಿರತೆ-ಅಸ್ಥಿರತೆಯ ವಿರೋಧಾಭಾಸ ಅಂತಾರ.

ಅಣ್ವಸ್ತ್ರ ದೇಶಗಳು ನೇರ ಹೊಡದಾಡೇ ಇಲ್ಲ ಅನ್ನೋದೂ ತಪ್ಪು. 1969ರಾಗ ಉಸುರಿ ನದಿ ದಂಡಿಮ್ಯಾಲೆ ಚೀನಾ, ಸೋವಿಯತ್ ಸೈನಿಕರು ಗುಂಡು ಹಾರಿಸ್ಯಾರ. 1999ರಾಗ ಕಾರ್ಗಿಲ್. ಅಂದಹಂಗ ಕಾರ್ಗಿಲ್ ಅಂದಕೂಡ್ಲೆ ನಮ್ಮ ಹಾವೇರಿ, ಗದಗ, ಧಾರವಾಡ ಕಡೆಯಿಂದ ಸೈನ್ಯಕ್ಕ ಹೋದ ಮನಿತನಗಳು ನೆನಪಾಗ್ತಾವ, ಡಿಟರೆನ್ಸ್ ಬಗ್ಗೆ ಮಾತಾಡೋರು ಅವರ ಮನಿ ಬಾಗಲಾ ಒಮ್ಮೆ ನೆನಸ್ಕೋಬೇಕು.

ಇಷ್ಟು ವರ್ಷ ಏನೂ ಆಗಿಲ್ಲ ಅಂದ್ರ ಈ ಪದ್ಧತಿ ಗಟ್ಟಿ ಐತಿ ಅಂತ ಅಲ್ಲೇನು?

ಅರ್ಧ ಗಟ್ಟಿ, ಅರ್ಧ ನಸೀಬು. ನೀವ ನೋಡ್ರಿ.

1961ರ ಜನವರಿಯಾಗ ಅಮೆರಿಕಾದ ನಾರ್ತ್ ಕೆರೊಲಿನಾದ ಗೋಲ್ಡ್ಸ್‌ಬರೋ ಹತ್ರ ಬಿ-52 ಬಾಂಬರ್ ವಿಮಾನ ಗಾಳ್ಯಾಗ ಮುರದು ಎರಡು ಹೈಡ್ರೋಜನ್ ಬಾಂಬ್ ತಮ್ಮ ನೆಲಕ್ಕ ತಾವ ಬಿದ್ವು. ಒಂದರಾಗ ಸಿಡಿಯೋದಕ್ಕ ಬೇಕಾದ ಹಂತ ಒಂದಾದ ಮ್ಯಾಲೊಂದು ನಡದು ಬಿಟ್ಟಿದ್ವು, ಕೊನಿಗೆ ಉಳಿಸಿದ್ದು ಒಂದು ಸಣ್ಣ ಸ್ವಿಚ್. 1979ರ ನವೆಂಬರ್ 9ಕ್ಕ ಅಮೆರಿಕಾದ ಕಂಪ್ಯೂಟರ್ ಪರದೆ ಮ್ಯಾಲೆ ಸೋವಿಯತ್ ದಾಳಿ ಬಂತು ಅಂತ ಕಾಣಿಸ್ತು, ನೋಡಿದ್ರ ತರಬೇತಿಗೆ ಮಾಡಿದ್ದ ದಾಳಿ ಚಿತ್ರಣ ಅಸಲಿ ಸಿಸ್ಟಮ್ಮಿಗೆ ಹೊಕ್ಕಿತ್ತು. 1995ರ ಜನವರಿಯಾಗ ನಾರ್ವೆಯವರು ಆಕಾಶದ ಬೆಳಕು ಅಭ್ಯಾಸ ಮಾಡಾಕ ಬಿಟ್ಟ ರಾಕೆಟ್ ನೋಡಿ ರಷ್ಯಾದಾಗ ಅಧ್ಯಕ್ಷ ಯೆಲ್ಟ್ಸಿನ್ ಮುಂದ ಅಣುದಾಳಿಗೆ ಆದೇಶ ಕೊಡೋ ಸೂಟ್‌ಕೇಸ್ ತೆರೆದ್ರು. ನಾರ್ವೆ ಮೊದಲ ತಿಳಿಸಿತ್ತು, ಆ ಸುದ್ದಿ ರಾಡಾರ್ ನೋಡೋರಿಗೆ ಮುಟ್ಟಿರಲಿಲ್ಲ ಅಷ್ಟ.

ಮತ್ತ 1983ರ ಸೆಪ್ಟೆಂಬರ್ 26ರ ನಡುರಾತ್ರಿ. ಆ ತಿಂಗಳ 1ನೇ ತಾರೀಖ ಸೋವಿಯತ್ತಿನವರು ಕೊರಿಯಾದ ಪ್ರಯಾಣಿಕರ ವಿಮಾನ ಹೊಡದು ಬೀಳಿಸಿದ್ರು, ಎರಡೂ ಕಡೆ ಮೈ ಎಲ್ಲಾ ಬೆಂಕಿ. ಮಾಸ್ಕೋ ಹತ್ರದ ಒಂದು ಬಂಕರಿನಾಗ ಕೂತಿದ್ದ ಸ್ಟಾನಿಸ್ಲಾವ್ ಪೆಟ್ರೋವ್ ಅನ್ನೋ ಅಧಿಕಾರಿ ಮುಂದ ಅಲಾರಂ ಹೊಡಕೊಂತು, ಅಮೆರಿಕಾದಿಂದ ಒಂದು ಮಿಸೈಲ್, ಆಮ್ಯಾಲೆ ಇನ್ನೂ ನಾಲ್ಕು. ನಿಯಮದ ಪ್ರಕಾರ ದಾಳಿ ಅಂತ ಮ್ಯಾಲೆ ತಿಳಸಬೇಕು. ಅಂವ ವಿಚಾರ ಮಾಡಿದ: ಖರೆನ ಯುದ್ಧ ಸುರು ಮಾಡೋರು ಐದ ಮಿಸೈಲ್ ಯಾಕ ಬಿಡ್ತಾರ, ನೂರಗಟ್ಟಲೆ ಬಿಡಬೇಕಲ್ಲ? ಸುಳ್ಳು ಅಲಾರಂ ಅಂತ ವರದಿ ಕೊಟ್ಟ. ಆಮ್ಯಾಲೆ ಗೊತ್ತಾತು, ಎತ್ತರದ ಮೋಡದ ಮ್ಯಾಲೆ ಬಿದ್ದ ಬಿಸಿಲಿನ ಹೊಳಪನ್ನ ಸ್ಯಾಟಲೈಟ್ ಮಿಸೈಲ್ ಅಂತ ತಿಳಿದಿತ್ತು. ಅಂವ ಕುರ್ಚಿಯಾಗ ಕೂತು ತಗೊಂಡ ಆ ಕೆಲವು ನಿಮಿಷ ಕಂಪ್ಯೂಟರಿಗೆ ಬಿಟ್ಟುಕೊಟ್ಟಿದ್ರ ಏನಾಗ್ತಿತ್ತು? ಈಗ ಈ ಕೆಲಸಕ್ಕ ಎಐ ಹಚ್ಚೋಣ ಅನ್ನೋ ಮಾತು ಕೇಳಿದಾಗೆಲ್ಲಾ ನನಗ ಹೊಟ್ಟಿಯೊಳಗ ಸಂಕಟ ಆಗೋದು ಇದಕ್ಕ.

ಉಕ್ರೇನ್ ತನ್ನ ಬಾಂಬ್ ಕೊಡದ ಇದ್ರ ಯುದ್ಧ ಆಗ್ತಿರಲಿಲ್ಲ ಅಂತಾರ, ಖರೆ ಏನ್ರಿ?

ಇದು ಪೂರ್ತಿ ಸರಳ ಅಲ್ಲ. ಸೋವಿಯತ್ ಒಡದಾಗ ಉಕ್ರೇನ್ ನೆಲದ ಮ್ಯಾಲೆ ಸುಮಾರು 1,900 ದೊಡ್ಡ ಸಿಡಿತಲೆ (ಮಿಸೈಲ್ ಹೊತ್ತೊಯ್ಯೋ ಅಣುಬಾಂಬ್) ಉಳದಿದ್ವು, ಆದ್ರ ಅವನ್ನ ಹಾರಿಸೋ ಕೋಡ್ ಮಾಸ್ಕೋದಾಗಿತ್ತು. 1994ರ ಡಿಸೆಂಬರ್ 5ಕ್ಕ ಬುಡಾಪೆಸ್ಟಿನಾಗ ರಷ್ಯಾ, ಅಮೆರಿಕಾ, ಬ್ರಿಟನ್ ಮೂರೂ ನಿನ್ನ ಗಡಿ ಗೌರವಿಸ್ತೀವಿ ಅಂತ ಬರದುಕೊಟ್ವು, ಉಕ್ರೇನ್ ಬಾಂಬ್ ಬಿಟ್ಟುಕೊಡ್ತು. 2014ರಾಗ ಉಕ್ರೇನಿನ ಕ್ರಿಮಿಯಾ ರಷ್ಯಾದ ಕೈಗೆ ಹೋತು, 2022ರ ಫೆಬ್ರುವರಿ 24ಕ್ಕ ಪೂರ್ತಿ ದಾಳಿ. ಕೊಟ್ಟ ಮಾತು ಮುರಿದದ್ದು ದೊಡ್ಡ ಪಾಪ, ಅದರಾಗ ಎರಡು ಮಾತಿಲ್ಲ. ಬ್ಯಾರೆ ಸಣ್ಣ ದೇಶಗಳು ಇದನ್ನ ನೋಡಿ ಏನ್ ಕಲಿತಾವ ಅನ್ನೋದ ನನ್ನ ಚಿಂತಿ. ಡಿಟರೆನ್ಸ್ ಇಲ್ಲಿ ಎರಡೂ ಕಡೆ ಕೆಲಸ ಮಾಡೇತಿ: ಅಮೆರಿಕಾ, ಯುರೋಪಿನ ದೇಶಗಳ ಸೈನಿಕ ಕೂಟ ನೇಟೋ ತನ್ನ ಸೈನ್ಯ ಕಳಸಲಿಲ್ಲ, ರಷ್ಯಾನೂ ಶಸ್ತ್ರ ಕೊಟ್ಟ ನೇಟೋ ದೇಶಗಳ ಮ್ಯಾಲೆ ಯುದ್ಧ ಸಾರಲಿಲ್ಲ, ನಡುವ ಸಿಕ್ಕೊಂಡ ಉಕ್ರೇನಿನ ಮಂದಿ ಸಾಯಾಕತ್ಯಾರ.

ನಮ್ಮದು, ಪಾಕಿಸ್ತಾನದ್ದು ಇದ ಲೆಕ್ಕ ಏನ್ರಿ?

ತತ್ವ ಅದ, ನಿಮಿಷ ಬ್ಯಾರೆ. ಅಮೆರಿಕಾ ರಷ್ಯಾ ನಡುವ ಅರ್ಧ ತಾಸು, ನಮ್ಮ ನಡುವ ಕೆಲವ ನಿಮಿಷ, ಗಡಿಗೆ ಗಡಿ ಹತ್ತೇತಿ. ನಾವು 1974ರ ಮೇ 18ಕ್ಕ ಪೋಖ್ರಾನಿನಾಗ ಮೊದಲ ಪರೀಕ್ಷೆ ಮಾಡಿದ್ವಿ, ಅದರ ಹಿಂದ ನಮ್ಮ ಕರ್ನಾಟಕದವರೇ ಆದ ವಿಜ್ಞಾನಿ ರಾಜಾ ರಾಮಣ್ಣ ಇದ್ರು. 1998ರ ಮೇ 11, 13ಕ್ಕ ಮತ್ತ ಮಾಡಿದ್ವಿ, ಅದ ತಿಂಗಳ ಕೊನಿಗೆ ಪಾಕಿಸ್ತಾನ ಬಲೂಚಿಸ್ತಾನದ ಚಾಗೈಯಾಗ ಮಾಡ್ತು.

ನಮ್ಮ ನೀತಿ ನಾವು ಮೊದಲ ಬಳಸಂಗಿಲ್ಲ ಅನ್ನೋದು, 2003ರ ಜನವರಿಯಾಗ ಸರ್ಕಾರ ಅಧಿಕೃತವಾಗಿ ಹೇಳೇತಿ. ಪಾಕಿಸ್ತಾನ ಹಂಗ ಮಾತು ಕೊಟ್ಟಿಲ್ಲ, ಅವರ ಸೈನ್ಯ ನಮ್ಮಕಿಂತ ಸಣ್ಣದು ಅಂತ. ಮೊದಲ ಬಳಸಂಗಿಲ್ಲ ಅನ್ನೋ ಮಾತಿಗೆ ಬೆಲೆ ಬರಬೇಕಂದ್ರ ಏಟು ತಿಂದ ಮ್ಯಾಲೂ ಉಳಿಯೋ ಶಕ್ತಿ ಬೇಕು, ಅದಕ್ಕ ಐಎನ್‌ಎಸ್ ಅರಿಹಂತ್ ಅನ್ನೋ ಅಣು ಮಿಸೈಲ್ ಸಬ್‌ಮರೀನ್. ಅದರ ಮೊದಲ ಗಸ್ತು ಮುಗೀತು ಅಂತ 2018ರ ನವೆಂಬರಿನಾಗ ಹೇಳಿದ್ರು. ಈ ನೀತಿ ಬಿಡಬೇಕು ಅಂತ ಕೆಲವರು ಟಿವಿಯಾಗ ಜೋರ್ ಮಾಡ್ತಾರ, ನಾ ಒಪ್ಪಂಗಿಲ್ಲ. ನಾವು ಮೊದಲ ಹೊಡಿಬಹುದು ಅಂತ ಅವರಿಗೆ ಅನಸಿದ ದಿನ ಅವರ ಬೆರಳು ಗುಂಡಿಗೆ ಇನ್ನೂ ಹತ್ರ ಹೋಗತೈತಿ.

2022ರ ಮಾರ್ಚ್ 9 ನೆನಪೈತೇನು? ನಮ್ಮ ಕಡೆಯಿಂದ ಒಂದು ಮಿಸೈಲ್ ತಪ್ಪಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಅನ್ನೋ ಊರ ಹತ್ರ ಬಿತ್ತು. ಸಿಡಿಯಲಿಲ್ಲ, ಯಾರೂ ಸಾಯಲಿಲ್ಲ, ಅವರು ತಿರುಗಿ ಹೊಡಿಲಿಲ್ಲ. ನಮ್ಮ ಸರ್ಕಾರ ತಪ್ಪು ಆತು ಅಂತ ಎರಡು ದಿನಕ್ಕ ಹೇಳ್ತು, ಆಮ್ಯಾಲೆ ವಾಯುಪಡೆಯ ಮೂವರು ಅಧಿಕಾರಿಗಳನ್ನ ಕೆಲಸದಿಂದ ತಗದ್ರು. ಆ ಸಂಜಿ ಗಡಿಯಾಗ ಬ್ಯಾರೆ ಏನರ ಗದ್ದಲ ನಡದಿದ್ರ?

ಚೀನಾ ಸೇರಿದ ಮ್ಯಾಲೆ ಏನಾಗತೈತಿ?

ಇಬ್ರ ತಕ್ಕಡಿ ತೂಗೋದು ಒಂದು, ಮೂವರದ್ದು ಬ್ಯಾರೆ. ಚೀನಾದ ಕಡೆ ಈಗ 600ರ ಸುಮಾರು ಸಿಡಿತಲೆ, ವರ್ಷಾ ವರ್ಷ ಏರಾಕತ್ತೈತಿ. ಅಮೆರಿಕಾ ಇಬ್ರಿಗೂ ಸಮ ಇರಬೇಕು ಅಂತ ಏರಿಸಿದ್ರ ರಷ್ಯಾ ಏರಸ್ತೈತಿ, ಚೀನಾ ನೋಡಿ ನಾವು, ನಮ್ಮನ್ನ ನೋಡಿ ಪಾಕಿಸ್ತಾನ. ಅಮೆರಿಕಾ ರಷ್ಯಾ ಇಬ್ರೂ ಹಾರಿಸಾಕ ತಯಾರಿಟ್ಟ ದೊಡ್ಡ ಸಿಡಿತಲೆಗೆ ತಲಾ 1,550ರ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರುವರಿ 5ರ ತನಕ ಇದ್ದದ್ದು. ಒಬ್ರ ಗೋದಾಮಿಗೆ ಇನ್ನೊಬ್ರು ಹೋಗಿ ಎಣಿಸಿ ಬರೋ ತಪಾಸಣಿ 2020ರ ಕೊರೊನಾ ಹೊತ್ತಿನಾಗ ನಿಂತದ್ದು ಮತ್ತ ಸುರು ಆಗಲಿಲ್ಲ. ಎಣಿಸೋದು ನಿಂತ್ರ ಊಹೆ ಸುರು ಆಗತೈತಿ, ಊಹೆ ಯಾವಾಗ್ಲೂ ಹೆಚ್ಚಿಗೆನ ಹೇಳ್ತೈತಿ.

ಯುದ್ಧ ಆದ್ರ ನಮ್ಮ ಕೈಗಾ ಮ್ಯಾಲೆ ಹಾಕ್ತಾರೇನ್ರಿ? ಹುಬ್ಬಳ್ಳಿಗೆ ಹತ್ರ ಆತಲ್ಲ?

ಈ ಪ್ರಶ್ನೆ ಪ್ರತಿ ಸಲ ಕೊನಿಗೆ ಬರತೈತಿ, ಅದೂ ಮೆಲ್ಲಗ ಕೇಳ್ತಾರ. ಕೈಗಾ ಕರೆಂಟ್ ಮಾಡೋ ಸ್ಥಾವರ, 220 ಮೆಗಾವಾಟಿನ ನಾಲ್ಕು ಘಟಕ, ಅಲ್ಲಿಂದ ಲೈನ್ ನಮ್ಮ ಧಾರವಾಡ ಹತ್ರದ ನರೇಂದ್ರ ಸಬ್‌ಸ್ಟೇಷನ್ನಿಗೆ ಬರತೈತಿ. ಭಾಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಐತಿ. 1988ರ ಡಿಸೆಂಬರ್ 31ಕ್ಕ ರಾಜೀವ್ ಗಾಂಧಿ, ಬೆನಜೀರ್ ಭುಟ್ಟೋ ಇದ್ದಾಗ ಇಸ್ಲಾಮಾಬಾದಿನಾಗ ಒಂದು ಒಪ್ಪಂದ ಆತು, ಒಬ್ರ ಅಣು ಸ್ಥಾವರದ ಮ್ಯಾಲೆ ಇನ್ನೊಬ್ರು ದಾಳಿ ಮಾಡಬಾರದು ಅಂತ, ಕರೆಂಟ್ ಮಾಡೋ ಸ್ಥಾವರನೂ ಅದರಾಗ ಬರ್ತಾವ. ಆ ಒಪ್ಪಂದದ ಪ್ರಕಾರ 1992ರಿಂದ ಪ್ರತಿ ವರ್ಷ ಜನವರಿ 1ಕ್ಕ ದಿಲ್ಲಿ, ಇಸ್ಲಾಮಾಬಾದ್ ಎರಡೂ ಕಡೆ ಒಂದ ಹೊತ್ತಿಗೆ ತಮ್ಮ ತಮ್ಮ ಸ್ಥಾವರದ ಪಟ್ಟಿ ಇನ್ನೊಬ್ರ ಕೈಗೆ ಕೊಡ್ತಾರ. ಕಾರ್ಗಿಲ್ ಆದ ಮುಂದಿನ ಜನವರಿಗೂ ಕೊಟ್ರು, ಮುಂಬೈ ದಾಳಿ ಆದ ಮುಂದಿನ ಜನವರಿಗೂ ಕೊಟ್ರು, ಪುಲ್ವಾಮಾ ಬಾಲಾಕೋಟ್ ವರ್ಷ ಕಳದ ಮ್ಯಾಲೂ ಕೊಟ್ರು. ಹೊಸಾ ವರ್ಷದ ಮರುದಿನ ಪೇಪರಿನ ಒಳಗಿನ ಪುಟ ತಗದು ನೋಡ್ರಿ, ನಾಕೈದು ಸಾಲಿನ ಸಣ್ಣ ಸುದ್ದಿ ಇರತೈತಿ.